ಚಾಂದ್ ಬೀಬಿ: ಒಂದು ಸುಳ್ಳು ಸುದ್ದಿಗೆ ಬಲಿಯಾದ ಸುಲ್ತಾನಾ

ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗದ ವಿದ್ಯಾರ್ಥಿ, ಬಳಿಚಕ್ರ

ನವೆಂಬರ್ 25ನ್ನು ಮಹಿಳೆಯರ ಮೇಲಿನ ದೌರ್ಜನ್ಯ ನಿರ್ಮೂಲನಾ ದಿನ ಎಂದು ಜಗತ್ತಿನಾದ್ಯಂತ ಆಚರಿಸುತ್ತಾರೆ. ಡೊಮಿನಿಕನ್ ರಿಪಬ್ಲಿಕ್ ಎಂಬ ದೂರದ ದೇಶದಲ್ಲಿ 1960ರ ಇದೇ ದಿನ ಮೀರಾಬಾಲ್ ಮನೆತನದ ಮೂವರು ಅಕ್ಕತಂಗಿಯರನ್ನು ಅಲ್ಲಿನ ಸರ್ವಾಧಿಕಾರಿಯ ಕಡೆಯವರು ಕೊಂದು, ಅದು ಕಾರು ಅಪಘಾತ ಎಂದು ಸುದ್ದಿ ಹಬ್ಬಿಸಿದ್ದರು. ಅವರ ನೆನಪಿಗಾಗಿ ವಿಶ್ವಸಂಸ್ಥೆ 1999ರಲ್ಲಿ ಈ ದಿನವನ್ನು ಗೊತ್ತುಮಾಡಿತು. ಈ ಸಲದ ಸಂಚಿಕೆಗೆ ಒಬ್ಬೊಬ್ಬರು ಒಬ್ಬ ಮಹಿಳೆಯ ಜೀವನ ಚರಿತ್ರೆ ಬರೆದು ಕೊಡಬೇಕೆಂದು ಕನ್ನಡ ಮೇಡಂ ಹೇಳಿದಾಗ ಹುಡುಗಿಯರು ಮೊದಲೇ ಕೈ ಎತ್ತಿ ಸಾವಿತ್ರಿಬಾಯಿ ಫುಲೆ, ಫಾತಿಮಾ ಶೇಖ್, ಕಿತ್ತೂರು ಚೆನ್ನಮ್ಮ, ಅಕ್ಕಮಹಾದೇವಿ ಎಲ್ಲರನ್ನೂ ತೆಗೆದುಕೊಂಡುಬಿಟ್ಟರು. ನಾನು ಚಾಂದ್ ಬೀಬಿ ಎಂದೆ. ಕತ್ತಿ ಹಿಡಿದು ಕೋಟೆ ಕಾಯ್ದ ರಾಣಿಗೂ ದೌರ್ಜನ್ಯದ ವಿಷಯಕ್ಕೂ ಏನು ಸಂಬಂಧ ಎಂದು ಪಕ್ಕದವನು ನಕ್ಕ. ಅವನಿಗೆ ಆಗ ಉತ್ತರ ಹೇಳಲು ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ಚಾಂದ್ ಬೀಬಿಯ ಹೆಸರು ನಾನು ಮೊದಲು ಕೇಳಿದ್ದು ಪುಸ್ತಕದಲ್ಲಲ್ಲ, ನಮ್ಮ ನಾನಿಯ ಬಾಯಲ್ಲಿ. ಚಿಕ್ಕವನಿದ್ದಾಗ ನಾನಿಯ ಜೊತೆ ಶಹಾಪುರದ ಹತ್ತಿರದ ಗೋಗಿಗೆ ಹೋಗಿದ್ದೆ. ಬಳಿಚಕ್ರದಿಂದ ಯಾದಗಿರಿಗೆ ಒಂದು ಬಸ್ಸು, ಅಲ್ಲಿಂದ ಭೀಮಾ ನದಿ ದಾಟಿ ಶಹಾಪುರಕ್ಕೆ ಇನ್ನೊಂದು, ಮತ್ತೆ ಗೋಗಿಗೆ ಮತ್ತೊಂದು. ಹಜರತ್ ಚಂದಾ ಹುಸೇನಿಯವರ ದರ್ಗಾದಲ್ಲಿ ಫಾತಿಹಾ ಓದಿ ಹೊರಗೆ ಬಂದಾಗ ನಾನಿ ಅಲ್ಲಿನ ಹಳೆಯ ಗೋರಿಗಳನ್ನು ತೋರಿಸಿ ಇವರು ಬಿಜಾಪುರದ ಬಾದಷಾಗಳು ಎಂದರು. ನಾನು ನಂಬಲಿಲ್ಲ. ಬಿಜಾಪುರದ ಬಾದಷಾಗಳೆಂದರೆ ಗೋಲಗುಮ್ಮಟದಲ್ಲಿ ಇರಬೇಕಲ್ಲವೇ? ಆದರೆ ನಾನಿ ಹೇಳಿದ್ದೇ ನಿಜ. ಆದಿಲ್ ಶಾಹಿ ವಂಶವನ್ನು ಸ್ಥಾಪಿಸಿದ ಯೂಸುಫ್, ಅವನ ಮಗ ಇಸ್ಮಾಯಿಲ್, ಆಮೇಲಿನ ಮಲ್ಲು ಮತ್ತು ಒಂದನೇ ಇಬ್ರಾಹಿಂ, ಈ ಮೊದಲ ನಾಲ್ವರೂ ಗೋಗಿಯಲ್ಲೇ ಮಣ್ಣಾಗಿದ್ದಾರೆ. ಈ ಒಂದನೇ ಇಬ್ರಾಹಿಂ ಆದಿಲ್ ಶಾಹನ ಸೊಸೆಯೇ ಚಾಂದ್ ಬೀಬಿ. ಅಂದರೆ ಆಕೆಯ ಮಾವನ ಗೋರಿ ನಮ್ಮ ಜಿಲ್ಲೆಯಲ್ಲಿದೆ. ಎಷ್ಟು ಜನರಿಗೆ ಗೊತ್ತು?

ಚಾಂದ್ ಬೀಬಿ ಹುಟ್ಟಿದ್ದು ಸುಮಾರು 1550ರಲ್ಲಿ, ಅಹ್ಮದ್‌ನಗರದ ಅರಮನೆಯಲ್ಲಿ. ತಂದೆ ಹುಸೇನ್ ನಿಜಾಮ್ ಶಾಹ, ತಾಯಿ ಖುಂಜಾ ಹುಮಾಯೂನ್. ತಾಯಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಗಂಡ ತೀರಿಕೊಂಡ ಮೇಲೆ ಆಕೆ ಚಿಕ್ಕ ಮಗ ಮುರ್ತಜಾನ ಪರವಾಗಿ ಕೆಲವು ವರ್ಷ ರಾಜ್ಯ ನಡೆಸಿದಳು. ದೊಡ್ಡವನಾದ ಮಗ ತಾಯಿಯನ್ನೇ ಸೆರೆಯಲ್ಲಿಟ್ಟ. ಹುಸೇನ್ ನಿಜಾಮ್ ಶಾಹನ ಕಾಲದ ಒಂದು ಚಿತ್ರಗಳ ಪುಸ್ತಕ ಈಗಲೂ ಪುಣೆಯಲ್ಲಿದೆ. ಅದರಲ್ಲಿ ಬಾದಷಾನ ಪಕ್ಕ ಆಕೆ ಕುಳಿತ ಚಿತ್ರಗಳಿದ್ದವು. ಆಮೇಲೆ ಯಾರೋ ಆ ಚಿತ್ರಗಳಲ್ಲಿ ಆಕೆಯನ್ನಷ್ಟೇ ಅಳಿಸಿದ್ದಾರೆ. ಬಾದಷಾ ಹಾಗೇ ಇದ್ದಾನೆ, ಪಕ್ಕದಲ್ಲಿ ಬಣ್ಣ ಬಳಿದ ಕಲೆ ಮಾತ್ರ ಇದೆ. ಹೆಣ್ಣುಮಗಳ ಮೇಲಿನ ಸಿಟ್ಟು ಆಕೆಯ ಚಿತ್ರದವರೆಗೂ ಹೋಗುತ್ತದೆ ಎಂಬುದು ಇದನ್ನು ಓದಿದಾಗ ನನಗೆ ಗೊತ್ತಾಯಿತು. ಇಂಥ ತಾಯಿಯ ಮಗಳು ಚಾಂದ್.

ಆಕೆಯ ಮದುವೆ ನಡೆದದ್ದು ಲೆಕ್ಕಾಚಾರದಿಂದ. ವಿಜಯನಗರದ ವಿರುದ್ಧ ದಖ್ಖನಿನ ಸುಲ್ತಾನರು ಒಂದಾಗಬೇಕಿತ್ತು. ಆದರೆ ಬಿಜಾಪುರಕ್ಕೂ ಅಹ್ಮದ್‌ನಗರಕ್ಕೂ ಸೊಲ್ಲಾಪುರದ ಕೋಟೆಯ ಮೇಲೆ ಮೊದಲಿನಿಂದ ಜಗಳ. ಅದನ್ನು ಮುಗಿಸಲು ಸುಮಾರು 1564ರಲ್ಲಿ ಕೊಡುಕೊಳ್ಳುವ ಸಂಬಂಧ ಮಾಡಿದರು. ಅಹ್ಮದ್‌ನಗರದ ಚಾಂದ್ ಬೀಬಿಯನ್ನು ಬಿಜಾಪುರದ ಒಂದನೇ ಅಲಿ ಆದಿಲ್ ಶಾಹನಿಗೆ ಕೊಟ್ಟರು, ಜೊತೆಗೆ ವರದಕ್ಷಿಣೆಯಾಗಿ ಸೊಲ್ಲಾಪುರದ ಕೋಟೆ. ಅಲಿಯ ತಂಗಿಯನ್ನು ಚಾಂದ್‌ಳ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಮುರ್ತಜಾನಿಗೆ ತಂದುಕೊಂಡರು. ನಾವು ಅಕೌಂಟೆನ್ಸಿಯಲ್ಲಿ ಡೆಬಿಟ್, ಕ್ರೆಡಿಟ್ ಬರೆಯುತ್ತೇವಲ್ಲ, ಇದೂ ಹಾಗೆಯೇ. ಎರಡು ಹುಡುಗಿಯರು, ಒಂದು ಕೋಟೆ, ಲೆಕ್ಕ ಸರಿಹೋಯಿತು. ಆಗ ಚಾಂದ್‌ಳ ವಯಸ್ಸು ಸುಮಾರು 14. ಮರುವರ್ಷ, 1565ರ ಜನವರಿಯಲ್ಲಿ, ನಮ್ಮ ಪಕ್ಕದ ತಾಳಿಕೋಟೆಯ ಹೆಸರಿನಲ್ಲಿ ಎಲ್ಲರೂ ಓದುವ ಆ ಯುದ್ಧ ನಡೆಯಿತು. ಆ ಯುದ್ಧದ ಬಗ್ಗೆ ಎಷ್ಟೋ ಪುಟಗಳಿವೆ. ಅದಕ್ಕೆ ದಾರಿ ಮಾಡಿದ ಎರಡು ಮದುವೆಗಳ ಬಗ್ಗೆ ಎರಡು ಸಾಲು.

ಆದರೆ ಬಿಜಾಪುರದಲ್ಲಿ ಚಾಂದ್ ಬೀಬಿಯ ಬಾಳು ಕೆಟ್ಟದಾಗಿರಲಿಲ್ಲ. ಅಲಿ ಆದಿಲ್ ಶಾಹ ಓದು ಬರಹವನ್ನು ಇಷ್ಟಪಡುವ ಮನುಷ್ಯ, ಪುಸ್ತಕಗಳ ದೊಡ್ಡ ಭಂಡಾರವನ್ನೇ ಇಟ್ಟುಕೊಂಡಿದ್ದ. ಚಾಂದ್ ಬೀಬಿಗೆ ಅರಬಿ, ಫಾರಸಿ, ತುರ್ಕಿ, ಮರಾಠಿಯ ಜೊತೆಗೆ ಕನ್ನಡವೂ ಬರುತ್ತಿತ್ತು, ಸಿತಾರ್ ನುಡಿಸುತ್ತಿದ್ದಳು, ಹೂವಿನ ಚಿತ್ರ ಬರೆಯುತ್ತಿದ್ದಳು ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಕನ್ನಡ ಬರುತ್ತಿತ್ತು ಎಂಬುದನ್ನು ಓದಿ ನನಗೆ ಖುಷಿಯಾಯಿತು. ಮನೆಯಲ್ಲಿ ಉರ್ದು ಮಾತಾಡುವ ನಾನು ಒಂದನೇ ತರಗತಿಯಲ್ಲಿ ಒತ್ತಕ್ಷರಕ್ಕೆ ಎಷ್ಟು ಅತ್ತಿದ್ದೇನೆ ಎಂಬುದು ನಮ್ಮ ಅಮ್ಮಿಗೆ ಗೊತ್ತು. ನಾನೂರೈವತ್ತು ವರ್ಷದ ಹಿಂದೆ ಮದುವೆಯಾಗಿ ಬಂದ ಒಬ್ಬ ರಾಜಕುಮಾರಿಯೂ ಇದೇ ಭಾಷೆಯನ್ನು ಕಲಿತಳು. 1579ರಲ್ಲಿ ಅಲಿ ಆದಿಲ್ ಶಾಹ ಬಿಜಾಪುರದಲ್ಲಿ ಒಂದು ದೊಡ್ಡ ಬಾವಿ ಕಟ್ಟಿಸಿ ಅದಕ್ಕೆ ಹೆಂಡತಿಯ ಹೆಸರಿಟ್ಟ. ಅದೇ ಚಾಂದ್ ಬಾವಡಿ. ಈಗಲೂ ಇದೆ. ಕುದುರೆಯ ಮೇಲೆ ಕುಳಿತು ಕೈಯ ಮೇಲೆ ಗಿಡುಗ ಹಿಡಿದ ಚಾಂದ್ ಬೀಬಿಯ ಚಿತ್ರವನ್ನು ಆಮೇಲಿನ ದಖ್ಖನಿ ಚಿತ್ರಕಾರರು ಮತ್ತೆ ಮತ್ತೆ ಬರೆದಿದ್ದಾರೆ. ಹಾಗಾಗಿ ಬೇಟೆಗೆ ಹೋಗುವ ರಾಣಿಯಾಗಿಯೇ ಆಕೆ ಜನರ ನೆನಪಿನಲ್ಲಿ ಉಳಿದಳು.

ಬಾವಿ ಕಟ್ಟಿದ ಮರುವರ್ಷವೇ, 1580ರಲ್ಲಿ, ಅಲಿ ಆದಿಲ್ ಶಾಹ ತನ್ನ ಅರಮನೆಯಲ್ಲೇ ಕೊಲೆಯಾದ. ಮಕ್ಕಳಿರಲಿಲ್ಲ. ಅವನ ತಮ್ಮನ ಮಗ, ಒಂಬತ್ತು ವರ್ಷದ ಇಬ್ರಾಹಿಂನನ್ನು ತಖ್ತಿನ ಮೇಲೆ ಕೂರಿಸಿದರು. ಹುಡುಗನನ್ನು ಬೆಳೆಸುವುದು, ಓದಿಸುವುದು ಚಾಂದ್ ಬೀಬಿಯ ಪಾಲಿಗೆ ಬಂತು. ರಾಜ್ಯದ ಕೆಲಸ ನೋಡಲು ಕಾಮಿಲ್ ಖಾನ್ ಎಂಬ ಸರದಾರ ನಿಂತ. ಸ್ವಲ್ಪ ದಿನದಲ್ಲೇ ಅವನಿಗೆ ಸೊಕ್ಕು ಬಂದು ರಾಣಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದೆ ನಡೆದ. ಚಾಂದ್ ಬೀಬಿ ಕಿಶ್ವರ್ ಖಾನ್ ಎಂಬ ಇನ್ನೊಬ್ಬನ ಸಹಾಯದಿಂದ ಅವನನ್ನು ಇಳಿಸಿದಳು. ಈ ಕಿಶ್ವರ್ ಖಾನ್ ಮೊದಲಿನವನಿಗಿಂತ ಕೆಟ್ಟವನಾದ. ಮುಸ್ತಫಾ ಖಾನ್ ಎಂಬ ಹಿರಿಯ ಸರದಾರನನ್ನು ಕೊಲ್ಲಿಸಿದ. ರಾಣಿ ಅದನ್ನು ತಪ್ಪೆಂದಳು. ಆಗ ಅವನು ಏನು ಮಾಡಿದ?

ಇಲ್ಲಿ ನಿಧಾನವಾಗಿ ಓದಿರಿ. ಅವನು ಆಕೆಯ ಜೊತೆ ವಾದ ಮಾಡಲಿಲ್ಲ. ಆಕೆಯ ಮೇಲೆ ಒಂದು ಸುದ್ದಿ ಹುಟ್ಟಿಸಿದ. ಚಾಂದ್ ಬೀಬಿ ತವರುಮನೆಗೆ ಗುಟ್ಟಾಗಿ ಸುದ್ದಿ ಕಳಿಸುತ್ತಾಳೆ, ಅಹ್ಮದ್‌ನಗರದ ಬಾದಷಾನಾದ ಒಡಹುಟ್ಟಿದವನನ್ನು ಬಿಜಾಪುರದ ಮೇಲೆ ದಂಡೆತ್ತಿ ಬರಲು ಎತ್ತಿಕಟ್ಟುತ್ತಿದ್ದಾಳೆ ಎಂದು. ಮದುವೆಯಾಗಿ ಬೇರೆ ಊರಿನಿಂದ ಬಂದ ಹೆಣ್ಣಿನ ಮೇಲೆ ಹೊರಿಸಲು ಇದಕ್ಕಿಂತ ಸುಲಭವಾದ ಅಪವಾದ ಇನ್ನಿಲ್ಲ. ಇಂದಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಸೊಸೆ ತವರಿಗೆ ಫೋನ್ ಮಾಡಿದರೆ ಯಾರು, ಏನು, ಎಷ್ಟು ಹೊತ್ತು ಎಂದು ಕೇಳುವವರಿದ್ದಾರೆ. ಚಾಂದ್ ಬೀಬಿಯನ್ನು ಅರಮನೆಯ ಜನಾನಾದಿಂದ ಬಲವಂತವಾಗಿ ಹೊರಗೆ ತಂದು ಸತಾರಾದ ಕೋಟೆಗೆ ಸೆರೆಗೆ ಕಳಿಸಿದರು. ತವರಿನವರ ಜೊತೆ ರಾಜಿಗಾಗಿ ತಂದುಕೊಂಡ ಹುಡುಗಿಯನ್ನು ತವರಿನ ಹೆಸರಿನಲ್ಲೇ ಸೆರೆಗೆ ಹಾಕಿದರು.

ಆದರೆ ಆ ಸಲ ಬಿಜಾಪುರದ ಜನ ಸುಮ್ಮನಿರಲಿಲ್ಲ. ಅವಳ ಕಾಲದಲ್ಲೇ ಬದುಕಿದ್ದ, ಮೊದಲು ಅಹ್ಮದ್‌ನಗರದಲ್ಲಿದ್ದು 1589ರಲ್ಲಿ ಬಿಜಾಪುರಕ್ಕೆ ಬಂದು ಇತಿಹಾಸ ಬರೆದ ಫಿರಿಶ್ತಾ ಇದನ್ನು ಹೇಳಿದ್ದಾನೆ. ಕಿಶ್ವರ್ ಖಾನ್ ಬೀದಿಯಲ್ಲಿ ಹೊರಟರೆ ಜನ ಅವನ ಮುಖದೆದುರೇ ಶಾಪ ಹಾಕುತ್ತಿದ್ದರಂತೆ. ಹಬ್ಶಿ ಸರದಾರರು, ಅಂದರೆ ಆಫ್ರಿಕಾದಿಂದ ಬಂದು ದಖ್ಖನಿನವರೇ ಆಗಿಹೋದವರು, ಇಖ್ಲಾಸ್ ಖಾನ್‌ನ ಮುಂದಾಳುತನದಲ್ಲಿ ತಿರುಗಿಬಿದ್ದರು. ಕಿಶ್ವರ್ ಖಾನ್ ಹಣ ಕಟ್ಟಿಕೊಂಡು ಓಡಿದ. ಕೊನೆಗೆ ಗೋಲ್ಕೊಂಡಾದಲ್ಲಿ ಮುಸ್ತಫಾ ಖಾನ್‌ನ ಕಡೆಯವನೊಬ್ಬ ಅವನನ್ನು ಕೊಂದ. ಚಾಂದ್ ಬೀಬಿ ಸತಾರಾದಿಂದ ಬಿಜಾಪುರಕ್ಕೆ ಮರಳಿ ಬಂದಳು.

ಬಂದ ಮೇಲೆ ಆಕೆ ಮಾಡಿದ್ದೇ ಆ ಅಪವಾದಕ್ಕೆ ಉತ್ತರ. ಬಿಜಾಪುರದಲ್ಲಿ ಜಗಳ ನಡೆದಿದೆ ಎಂದು ಅಹ್ಮದ್‌ನಗರ, ಗೋಲ್ಕೊಂಡಾ ಎರಡೂ ಸೈನ್ಯಗಳು ಬಂದು ಊರನ್ನು ಮುತ್ತಿದವು. ಹೊರಗೆ ನಿಂತದ್ದು ತವರಿನ ದಂಡು. ಒಳಗೆ ಸಾಕಿದ ಮಗ. ಆಕೆ ಒಳಗೇ ನಿಂತಳು. ಒಬ್ಬರಿಗೊಬ್ಬರು ಮುಖ ಕೊಡದಿದ್ದ ಸರದಾರರನ್ನು ಒಂದೆಡೆ ಸೇರಿಸಿದಳು. ಮುತ್ತಿಗೆ ಹಾಕಿದವರು ಬರಿಗೈಯಲ್ಲಿ ಹಿಂತಿರುಗಿದರು. ಅಷ್ಟಾದರೂ ಅಧಿಕಾರ ಆಕೆಯ ಕೈಗೆ ಬರಲಿಲ್ಲ. 1582ರಲ್ಲಿ ದಿಲಾವರ್ ಖಾನ್ ಎಂಬವನು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡು ಎಂಟು ವರ್ಷ ಆಳಿದ. 1584ರಲ್ಲಿ ಇಬ್ರಾಹಿಂನ ಸಹೋದರಿಯನ್ನು ಅಹ್ಮದ್‌ನಗರಕ್ಕೆ ಮದುವೆ ಮಾಡಿಕೊಟ್ಟಾಗ ಚಾಂದ್ ಬೀಬಿ ಆಕೆಯ ಜೊತೆ ತವರಿಗೆ ಹೋದಳು. ಆಕೆ ಬೆಳೆಸಿದ ಹುಡುಗ ಮುಂದೆ ಎರಡನೇ ಇಬ್ರಾಹಿಂ ಆದಿಲ್ ಶಾಹನಾಗಿ ಜಗದ್ಗುರು ಬಾದಷಾ ಎಂದು ಹೆಸರಾದ, ನಮ್ಮ ಮನೆಮಾತಾದ ದಖ್ನಿಯಲ್ಲಿ ಕಿತಾಬೆ ನೌರಸ್ ಬರೆದ. ಅವನನ್ನು ಹೊಗಳುವವರು ಅವನನ್ನು ಬೆಳೆಸಿದ ದೊಡ್ಡಮ್ಮನನ್ನು ಒಮ್ಮೊಮ್ಮೆ ಮರೆತುಬಿಡುತ್ತಾರೆ.

ಅಹ್ಮದ್‌ನಗರದ ಮುಂದಿನ ಹತ್ತು ವರ್ಷದ ಕಥೆಯನ್ನು ನಾನು ಬೇಗ ಮುಗಿಸುತ್ತೇನೆ, ಏಕೆಂದರೆ ಅದೆಲ್ಲ ಕೊಲೆಯ ಮೇಲೆ ಕೊಲೆ. 1588ರಲ್ಲಿ ಮಗ ತಂದೆ ಮುರ್ತಜಾನನ್ನು ಕೊಂದ. ಆ ಮಗನನ್ನು ಸರದಾರರು ಕೊಂದರು. ಒಬ್ಬರಾದ ಮೇಲೆ ಒಬ್ಬರು ತಖ್ತಿಗೆ ಬಂದರು, ಹೋದರು. 1595ರಲ್ಲಿ ಇಬ್ರಾಹಿಂ ನಿಜಾಮ್ ಶಾಹ ಎಂಬವನು ಯುದ್ಧದಲ್ಲಿ ಸತ್ತ. ಅವನ ಹಸುಗೂಸು ಬಹಾದುರ್ ಉಳಿಯಿತು. ಚಾಂದ್ ಬೀಬಿ ಆ ಕೂಸೇ ಬಾದಷಾ ಎಂದಳು. ಮಿಯಾನ್ ಮಂಜು ಎಂಬ ಸರದಾರ ವಂಶಕ್ಕೇ ಸೇರದ ಬೇರೊಬ್ಬ ಹುಡುಗನನ್ನು ಕೂರಿಸಿದ. ಜಗಳದಲ್ಲಿ ತಾನು ಸೋಲುತ್ತೇನೆ ಎನಿಸಿದಾಗ ಅವನು ಅಕ್ಬರನ ಮಗ ಮುರಾದ್‌ನಿಗೆ ಪತ್ರ ಬರೆದು ಮೊಗಲರನ್ನು ಕರೆದ. ಮೊಗಲರು ಬಂದ ಮೇಲೆ ಹೆದರಿ ಊರು ಬಿಟ್ಟು ಹೋದ. ಕರೆದವನು ಅವನು, ಎದುರಿಸಬೇಕಾದವಳು ಇವಳು.

1595ರ ಡಿಸೆಂಬರ್‌ನಲ್ಲಿ ಮುರಾದ್ ಮತ್ತು ಖಾನೆ ಖಾನಾನ್ ಅಬ್ದುಲ್ ರಹೀಮ್ ಅಹ್ಮದ್‌ನಗರದ ಕೋಟೆಗೆ ಮುತ್ತಿಗೆ ಹಾಕಿದರು. ಹಿಂದಿ ಪಾಠದಲ್ಲಿ ನಾವು ದೋಹೆ ಓದುವ ರಹೀಮ್ ಅವರೇ ಇವರು. ಆಗ ಚಾಂದ್ ಬೀಬಿಗೆ ಸುಮಾರು 45 ವರ್ಷ, ಗಂಡನಿಲ್ಲ, ಸ್ವಂತ ಮಕ್ಕಳಿಲ್ಲ. ಕೋಟೆಯ ಅಧಿಕಾರವನ್ನು ಆಕೆ ತನ್ನ ಕೈಗೆ ತೆಗೆದುಕೊಂಡಳು. ಮೊಗಲರು ಗೋಡೆಯ ಬುಡದ ತನಕ ಸುರಂಗ ತೋಡಿ ಮದ್ದು ತುಂಬಿದರು. ಒಳಗಿನವರಿಗೆ ಸುಳಿವು ಸಿಕ್ಕಿ ಕೆಲವು ಸುರಂಗಗಳ ಮದ್ದನ್ನು ಹೊರಗೆ ತೆಗೆದರು. ಒಂದು ಉಳಿದುಬಿಟ್ಟಿತು. 1596ರ ಫೆಬ್ರವರಿಯಲ್ಲಿ ಅದು ಸಿಡಿದು ಗೋಡೆಯ ದೊಡ್ಡ ಭಾಗ ಹಾರಿಹೋಯಿತು. ಎಷ್ಟೋ ಸೈನಿಕರು ಓಡಲು ತಯಾರಾದರು. ಚಾಂದ್ ಬೀಬಿ ಕವಚ ತೊಟ್ಟು, ಮುಖಕ್ಕೆ ನಕಾಬು ಹಾಕಿ, ಕೈಯಲ್ಲಿ ಕತ್ತಿ ಹಿಡಿದು ಒಡೆದ ಗೋಡೆಯ ಹತ್ತಿರ ಬಂದು ನಿಂತಳು. ಓಡುತ್ತಿದ್ದವರು ತಿರುಗಿ ಬಂದರು. ಇಡೀ ದಿನ ಹೋರಾಟ ನಡೆಯಿತು, ಮೊಗಲರಿಗೆ ಒಳಗೆ ಬರಲು ಆಗಲಿಲ್ಲ. ರಾತ್ರಿಯೆಲ್ಲ ಆಕೆ ಅಲ್ಲೇ ನಿಂತು ಗೋಡೆ ಕಟ್ಟಿಸಿದಳು. ಬೆಳಗಾಗುವಷ್ಟರಲ್ಲಿ ಒಡೆದ ಜಾಗ ಮುಚ್ಚಿತ್ತು.

ಇನ್ನೊಂದು ಕಥೆಯಿದೆ. ಗುಂಡುಗಳು ಮುಗಿದಾಗ ತಾಮ್ರದ ನಾಣ್ಯ, ಆಮೇಲೆ ಬೆಳ್ಳಿ, ಆಮೇಲೆ ಬಂಗಾರದ ನಾಣ್ಯಗಳನ್ನೇ ತೋಪಿಗೆ ತುಂಬಿ ಹಾರಿಸಿದಳಂತೆ. ಇದು ಆಮೇಲಿನವರು ಸೇರಿಸಿದ ಮಾತೇ ಇರಬಹುದು. ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಈ ಖರ್ಚನ್ನು ಯಾವ ಖಾತೆಗೆ ಹಾಕಬೇಕೋ ತಿಳಿಯಲಿಲ್ಲ.

ಈ ಹೊತ್ತಿಗೆ ಬಿಜಾಪುರದಿಂದ ಸುಹೇಲ್ ಖಾನ್‌ನ ಸೈನ್ಯ ಸಹಾಯಕ್ಕೆ ಹೊರಟಿತ್ತು. ಕಳಿಸಿದವನು ಆಕೆ ಬೆಳೆಸಿದ ಇಬ್ರಾಹಿಂ. ಮೊಗಲರು ಮಾತುಕತೆಗೆ ಬಂದರು. ಬೀರಾರ್ ಪ್ರಾಂತವನ್ನು ಅವರಿಗೆ ಬಿಟ್ಟುಕೊಟ್ಟು, ಕೂಸು ಬಹಾದುರ್‌ನನ್ನು ಬಾದಷಾ ಎಂದು ಅವರಿಂದ ಒಪ್ಪಿಸಿ ಚಾಂದ್ ಬೀಬಿ ಊರನ್ನು ಉಳಿಸಿಕೊಂಡಳು. ಅಲ್ಲಿಯವರೆಗೆ ಚಾಂದ್ ಬೀಬಿ ಎನ್ನುತ್ತಿದ್ದ ಜನ ಅಂದಿನಿಂದ ಚಾಂದ್ ಸುಲ್ತಾನಾ ಎನ್ನತೊಡಗಿದರು.

ಶಾಲಾ ಪುಸ್ತಕಗಳು, ನಾಟಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಕತ್ತಿ ಹಿಡಿದ ಚಿತ್ರದ ಕೆಳಗೆ ವೀರರಾಣಿ ಎಂದು ಬರೆದು ಮುಗಿಸುತ್ತಾರೆ. ಆಕೆ ಹೇಗೆ ಸತ್ತಳು ಎಂದು ನಮ್ಮ ತರಗತಿಯಲ್ಲಿ ಕೇಳಿದೆ. ಹೇಳಿದವರೆಲ್ಲ ಯುದ್ಧದಲ್ಲಿ ಸತ್ತಿರಬೇಕು ಎಂದರು. ಮೊಗಲರು ಕೊಂದಿರಬೇಕು ಎಂದೂ ಒಬ್ಬ ಹೇಳಿದ. ಎರಡೂ ಅಲ್ಲ.

ಒಪ್ಪಂದ ಬಹಳ ದಿನ ನಿಲ್ಲಲಿಲ್ಲ. ಆಕೆಯೇ ನೇಮಿಸಿದ ಮಂತ್ರಿ ಮುಹಮ್ಮದ್ ಖಾನ್ ಆಕೆಯ ವಿರುದ್ಧವೇ ತಿರುಗಿದ. ಅವನ ನಂತರ ಬಂದ ನಿಹಂಗ್ ಖಾನ್ ಕೂಡ ಹಾಗೆಯೇ. 1597ರಲ್ಲಿ ಗೋದಾವರಿಯ ದಂಡೆಯಲ್ಲಿ ಮತ್ತೆ ಮೊಗಲರೊಡನೆ ದೊಡ್ಡ ಯುದ್ಧವಾಗಿ ದಖ್ಖನಿನವರು ಸೋತರು. 1600ರಲ್ಲಿ ಅಕ್ಬರನೇ ಬುರ್ಹಾನ್‌ಪುರದ ತನಕ ಬಂದ. ಅವನ ಇನ್ನೊಬ್ಬ ಮಗ ದಾನಿಯಾಲ್ ಅಹ್ಮದ್‌ನಗರವನ್ನು ಮುತ್ತಿದ. ನಿಹಂಗ್ ಖಾನ್ ಜುನ್ನರ್ ಕಡೆ ಓಡಿಹೋದ. ಕೋಟೆಯಲ್ಲಿ ಉಳಿದದ್ದು ಮತ್ತೆ ಚಾಂದ್ ಬೀಬಿ, ಒಬ್ಬ ಚಿಕ್ಕ ಬಾದಷಾ, ದಣಿದ ಸೈನಿಕರು.

ಈ ಸಲ ಕೋಟೆ ಉಳಿಯುವುದಿಲ್ಲ ಎಂದು ಆಕೆಗೆ ಅರ್ಥವಾಯಿತು. ಒಳಗಿದ್ದವರ ಜೀವ, ಮಾನ, ಆಸ್ತಿಗೆ ಏನೂ ಆಗಬಾರದು ಎಂಬ ಷರತ್ತಿನ ಮೇಲೆ ಕೋಟೆ ಬಿಟ್ಟುಕೊಟ್ಟು, ಹುಡುಗ ಬಹಾದುರ್‌ನನ್ನು ಕರೆದುಕೊಂಡು ಜುನ್ನರ್‌ಗೆ ಹೋಗಬಹುದು ಎಂದು ಯೋಚಿಸಿದಳು. ಈ ವಿಚಾರವನ್ನು ಅರಮನೆಯ ಒಬ್ಬ ಅಧಿಕಾರಿಯ ಮುಂದೆ ಹೇಳಿ ಅವನ ಅಭಿಪ್ರಾಯ ಕೇಳಿದಳು. ಅವನನ್ನು ಕೆಲವರು ಹಮೀದ್ ಖಾನ್ ಎನ್ನುತ್ತಾರೆ, ಕೆಲವರು ಚೀತಾ ಖಾನ್ ಎನ್ನುತ್ತಾರೆ. ಅವನು ಉತ್ತರ ಕೊಡದೆ ಬೀದಿಗೆ ಓಡಿದ. ಚಾಂದ್ ಬೀಬಿ ಮೊಗಲರ ಜೊತೆ ಸೇರಿಕೊಂಡಿದ್ದಾಳೆ, ಕೋಟೆಯನ್ನು ಮಾರಿದ್ದಾಳೆ ಎಂದು ಕೂಗುತ್ತಾ ಹೋದ.

ಆ ಕೂಗನ್ನು ಕೇಳಿದವರಲ್ಲಿ ಯಾರೂ ನಿಂತು ಯೋಚಿಸಲಿಲ್ಲ. ನಾಲ್ಕು ವರ್ಷದ ಹಿಂದೆ ಒಡೆದ ಗೋಡೆಯ ಮುಂದೆ ಯಾರು ನಿಂತಿದ್ದರು ಎಂದು ನೆನೆಯಲಿಲ್ಲ. ಆಕೆಯನ್ನು ಹೋಗಿ ಕೇಳೋಣ ಎನ್ನಲಿಲ್ಲ. ಗುಂಪು ಅರಮನೆಗೆ ನುಗ್ಗಿತು, ಆಕೆಯ ಸ್ವಂತ ಕೋಣೆಯೊಳಗೆ ಹೊಕ್ಕು ಆಕೆಯನ್ನು ಕೊಂದಿತು. ಕೊಂದವರು ಶತ್ರುಗಳಲ್ಲ, ಆಕೆ ಕಾಯ್ದ ಊರಿನವರು. ಆಗ ಆಕೆಗೆ ಸುಮಾರು 50 ವರ್ಷ.

ಆಮೇಲೆ ಏನಾಯಿತು? 1600ರ ಆಗಸ್ಟ್‌ನಲ್ಲಿ ಮೊಗಲರು ಸುರಂಗ ಸಿಡಿಸಿ ಕೋಟೆ ಹಿಡಿದರು. ಷರತ್ತು ಹಾಕಲು ಯಾರೂ ಉಳಿದಿರಲಿಲ್ಲ. ಒಳಗಿದ್ದ ಬಹಳ ಜನ ಕತ್ತಿಗೆ ಬಲಿಯಾದರು. ಚಿಕ್ಕ ಬಾದಷಾ ಬಹಾದುರ್‌ನನ್ನು ಗ್ವಾಲಿಯರ್ ಕೋಟೆಯಲ್ಲಿ ಸೆರೆಯಿಟ್ಟರು. ಆಕೆ ಯಾವುದನ್ನು ತಪ್ಪಿಸಲು ಹೊರಟಿದ್ದಳೋ ಅದೆಲ್ಲವೂ ನಡೆಯಿತು.

ಬಿಜಾಪುರದಲ್ಲಿ 1580ರ ನಂತರ ಎದ್ದ ಸುದ್ದಿ ಮತ್ತು ಅಹ್ಮದ್‌ನಗರದಲ್ಲಿ 1600ರಲ್ಲಿ ಎದ್ದ ಸುದ್ದಿ ಎರಡನ್ನೂ ನಾನು ಪಕ್ಕ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ. ಈ ಹೆಂಗಸು ಆ ಕಡೆಯವರ ಜೊತೆ ಸೇರಿದ್ದಾಳೆ ಎಂಬುದೇ ಸುದ್ದಿ. ಮಿಯಾನ್ ಮಂಜು ನಿಜವಾಗಿ ಮೊಗಲರಿಗೆ ಪತ್ರ ಬರೆದಿದ್ದ. ಅವನನ್ನು ಯಾವ ಗುಂಪೂ ಮನೆಗೆ ನುಗ್ಗಿ ಕೊಲ್ಲಲಿಲ್ಲ. ವ್ಯತ್ಯಾಸ ಇಷ್ಟೇ: ಬಿಜಾಪುರದಲ್ಲಿ ಜನ ಸುದ್ದಿಯನ್ನು ನಂಬಲಿಲ್ಲ, ಆಕೆ ಸೆರೆಯಿಂದ ಮರಳಿ ಬಂದಳು. ಅಹ್ಮದ್‌ನಗರದಲ್ಲಿ ನಂಬಿದರು.

ಈಗ ನನ್ನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅಮ್ಮಿಗೆ ಓದಿ ಹೇಳಿದೆ, ಬರೆ ಎಂದರು. ಹಿಂದೊಮ್ಮೆ ಒಂದು ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ನಮ್ಮ ದೂರದ ನೆಂಟರ ಹುಡುಗಿ, ಓದುತ್ತಿದ್ದವಳು, ಒಂದು ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗನ ಜೊತೆ ನಿಂತು ಮಾತಾಡುತ್ತಿದ್ದ ಫೋಟೋ. ಕೆಳಗೆ ಯಾರೋ ಕೆಟ್ಟದಾಗಿ ಎರಡು ಮಾತು ಸೇರಿಸಿದ್ದರು. ನಾನು ಅದನ್ನು ನೋಡಿ ಎರಡು ಗುಂಪುಗಳಿಗೆ ಕಳಿಸಿದೆ. ಏಕೆ ಕಳಿಸಿದೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆ ಹುಡುಗಿಯ ಮೇಲೆ ನನಗೆ ಸಿಟ್ಟೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಎಲ್ಲರೂ ಕಳಿಸುತ್ತಿದ್ದರು, ನಾನೂ ಕಳಿಸಿದೆ.

ಸಂಜೆಯೊಳಗೆ ಅದು ಆಕೆಯ ಅಬ್ಬಾನ ಫೋನಿಗೆ ತಲುಪಿತು. ಆ ರಾತ್ರಿ ಆಕೆಗೆ ಹೊಡೆದರು. ಮರುದಿನದಿಂದ ಓದು ನಿಂತಿತು. ಒಂದು ವಾರದ ಮೇಲೆ ಗೊತ್ತಾಯಿತು, ಆ ಹುಡುಗ ಆಕೆಯ ಸ್ವಂತ ಮಾಮೂನ ಮಗ, ಪರ ಊರಿನಿಂದ ಬಂದವನು, ಮನೆಗೆ ಹೋಗುವ ಬಸ್ಸು ಯಾವುದು ಎಂದು ಕೇಳುತ್ತಿದ್ದ. ಅಲ್ಲಿಯವರೆಗೆ ನಾನು ಕಳಿಸಿದ್ದನ್ನು ಅಳಿಸುವ ಸಮಯವೂ ಮುಗಿದಿತ್ತು. ಅವನು ಮಾಮೂನ ಮಗ ಅಲ್ಲದೆ ಯಾರೋ ಸಹಪಾಠಿ ಆಗಿದ್ದರೂ ಹೊಡೆಯಲು ಅದೊಂದು ಕಾರಣವಲ್ಲ ಎಂದು ಅಮ್ಮಿ ಅಂದರು. ನನಗೆ ಅದು ಆಗ ತಟ್ಟನೆ ಹೊಳೆದಿರಲಿಲ್ಲ.

ನಾನು ಕೈ ಎತ್ತಲಿಲ್ಲ, ಬೈಯಲಿಲ್ಲ, ಮನೆಗೆ ನುಗ್ಗಲಿಲ್ಲ. ಬೀದಿಯಲ್ಲಿ ಕೂಗಿದವನ ಹಿಂದೆ ಕೂಗುತ್ತಾ ಹೋದವರಲ್ಲಿ ಒಬ್ಬನಾಗಿದ್ದೆ ಅಷ್ಟೇ. ಅಹ್ಮದ್‌ನಗರದಲ್ಲಿಯೂ ಅಂಥವರೇ ಹೆಚ್ಚು ಇದ್ದಿರಬೇಕು. ಪುಸ್ತಕದಲ್ಲಿ ಕೂಗಿದವನ ಹೆಸರಿದೆ, ಅವರ ಹೆಸರಿಲ್ಲ. ಇದನ್ನು ಹುಡುಗರಿಗಾಗಿಯೇ ಬರೆಯುತ್ತಿದ್ದೇನೆ. ನಮ್ಮ ಫೋನಿನಲ್ಲಿ ಅಂಥ ಗುಂಪುಗಳು ಎಷ್ಟಿವೆ ಎಂದು ನಮಗೇ ಗೊತ್ತು.

ನಮ್ಮ ಕಾಲೇಜಿನ ಹುಡುಗಿಯರಿಗೆ ಒಂದು ಮಾಹಿತಿ. ಮನೆಯಲ್ಲಾಗಲಿ ಹೊರಗಾಗಲಿ ಯಾರಾದರೂ ಹೊಡೆದರೆ, ಹೆದರಿಸಿದರೆ 181 ಮಹಿಳಾ ಸಹಾಯವಾಣಿ, ತುರ್ತಿಗೆ 112, ಹದಿನೆಂಟು ತುಂಬದವರಿಗೆ ಮಕ್ಕಳ ಸಹಾಯವಾಣಿ 1098 ಇವೆ. ಮನೆಯೊಳಗಿನ ಹೊಡೆತವೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಅಬ್ಬಾ, ಭಾಯಿ ಹೊಡೆದರೂ ಬರುತ್ತದೆ, ಗಂಡ ಹೊಡೆದರೆ ಮಾತ್ರ ಅಲ್ಲ. ಇದು ನನಗೂ ಈ ಲೇಖನ ಬರೆಯುವಾಗಲೇ ತಿಳಿದದ್ದು.

ಮತ್ತೆ ಚಾಂದ್ ಬೀಬಿಗೆ ಬರುತ್ತೇನೆ. ಆಕೆಯ ಹೆಸರಿನ ಜಾಗಗಳಲ್ಲೂ ಒಂದು ತಮಾಷೆಯಿದೆ. ಅಹ್ಮದ್‌ನಗರದ ಹೊರಗೆ ಗುಡ್ಡದ ಮೇಲೆ ಒಂದು ಎತ್ತರದ ಕಟ್ಟಡವಿದೆ, ಜನ ಅದನ್ನು ಚಾಂದ್ ಬೀಬಿ ಮಹಲ್ ಎನ್ನುತ್ತಾರೆ. ನಿಜದಲ್ಲಿ ಅದು ಸಲಾಬತ್ ಖಾನ್ ಎಂಬ ಮಂತ್ರಿಯ ಗೋರಿ. ಆಕೆ ಕಾಯ್ದ ಕೋಟೆ ಇನ್ನೂ ಇದೆ. 1942ರಿಂದ ಜವಾಹರಲಾಲ್ ನೆಹರೂ ಅವರನ್ನು ಬ್ರಿಟಿಷರು ಸೆರೆಯಿಟ್ಟಿದ್ದು ಅಲ್ಲೇ. ಮತ್ತು ನಮ್ಮ ಸುರಪುರದಲ್ಲಿ ಬಹಳ ವರ್ಷ ಆಡಳಿತ ನಡೆಸಿದ ಮೆಡೋಸ್ ಟೇಲರ್, ಯಾರ ಬಂಗಲೆಯನ್ನು ಟೇಲರ್ ಮಂಜಿಲ್ ಎಂದು ಇಂದಿಗೂ ತೋರಿಸುತ್ತಾರೋ ಆತ, ಚಾಂದ್ ಬೀಬಿಯ ಮೇಲೆ ಒಂದು ಇಂಗ್ಲಿಷ್ ಕಾದಂಬರಿಯನ್ನೇ ಬರೆದಿದ್ದ. ಅದು ಅಚ್ಚಾದದ್ದು 1878ರಲ್ಲಿ, ಆತ ತೀರಿಕೊಂಡ ಮೇಲೆ. ಗೋಗಿಯಲ್ಲಿ ಮಾವನ ಗೋರಿ, ಸುರಪುರದಲ್ಲಿ ಆಕೆಯ ಕಥೆ ಬರೆದವನ ಮನೆ. ಆಕೆ ನಮಗೆ ಅಷ್ಟು ದೂರದವಳಲ್ಲ.

ಅಮ್ಮಿ ಆ ಹುಡುಗಿಯ ಮನೆಗೆ ಎರಡು ಸಲ ಹೋಗಿ ಬಂದಿದ್ದಾರೆ. ಮೊದಲ ಸಲ ಆಕೆಯ ಅಬ್ಬಾ ಮಾತಾಡಲಿಲ್ಲ. ಎರಡನೇ ಸಲ ನಾನೂ ಹೋಗಿ, ಫೋಟೋ ಕಳಿಸಿದವರಲ್ಲಿ ನಾನೂ ಒಬ್ಬ ಎಂದು ಅವರ ಮುಂದೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಚಹಾ ತರಲು ಹೇಳಿದರು. ಖಾಸಗಿಯಾಗಿ ಪರೀಕ್ಷೆ ಕಟ್ಟಿಸುವ ವಿಚಾರ ನೋಡೋಣ ಎಂದಿದ್ದಾರೆ. ನನ್ನ ಅಕೌಂಟೆನ್ಸಿ ಮತ್ತು ಬಿಸಿನೆಸ್ ಸ್ಟಡೀಸ್ ನೋಟ್ಸ್ ಅಲ್ಲೇ ಇಟ್ಟು ಬಂದಿದ್ದೇನೆ.